324 ದಿನಗಳ ಪ್ರಧಾನಿ, ಮೂವತ್ತು ವರ್ಷಗಳ ಒಂದು ಆದೇಶ

ಸಿಇಟಿ ಕಾಲ ಬಂತೆಂದರೆ ಕಲ್ಯಾಣ ನಗರ, ಎಚ್‌ಬಿಆರ್ ಬಡಾವಣೆ, ಲಿಂಗರಾಜಪುರ, ಗೋವಿಂದಪುರದ ನಮ್ಮ ಮನೆಗಳಲ್ಲಿ ಒಂದೇ ಮಾತು. ಜಾತಿ-ಆದಾಯ ಪ್ರಮಾಣಪತ್ರ ಮಾಡಿಸಿದ್ದಾಯಿತೇ? ಆರ್‌ಡಿ ಸಂಖ್ಯೆ ಬಂತೇ? ನಾಡಕಚೇರಿಯಲ್ಲಿ ಅರ್ಜಿ ಎಲ್ಲಿಗೆ ಬಂದು ನಿಂತಿದೆ? ಕೊನೆಗೆ ಕೈಗೆ ಬರುವ ಆ ಒಂದು ಹಾಳೆಯಲ್ಲಿ ‘ಪ್ರವರ್ಗ 2ಬಿ’ ಎಂದು ಬರೆದಿರುತ್ತದೆ. ಮಗಳು ಅದನ್ನು ಫೋನಿನಲ್ಲಿ ಫೋಟೋ ತೆಗೆದು, ಅರ್ಜಿಗೆ ಸೇರಿಸಿ, ಮರೆತುಬಿಡುತ್ತಾಳೆ. ಆ ಎರಡೂವರೆ ಅಕ್ಷರ ಎಲ್ಲಿಂದ ಬಂತು, ಯಾರು ತಂದರು, ಯಾವ ಬೆಲೆಗೆ ತಂದರು ಎಂಬುದನ್ನು ನಾವು ಅವಳಿಗೆ ಹೇಳಿಯೂ ಇರುವುದಿಲ್ಲ.

ಹೇಳಿದರೂ ಎರಡು ಸುಲಭದ ಕಥೆಗಳಲ್ಲಿ ಒಂದನ್ನು ಹೇಳುತ್ತೇವೆ. ದೇವೇಗೌಡರು ನಮಗೆ ದಾನ ಕೊಟ್ಟರು ಎಂಬುದು ಒಂದು. ಆ ಪಕ್ಷ ಈಗ ಎಲ್ಲಿ ಹೋಗಿ ನಿಂತಿದೆ ನೋಡಿ, ಅವರ ಹೆಸರೇ ಬೇಡ ಎಂಬುದು ಇನ್ನೊಂದು. ಎರಡರಲ್ಲೂ ಅರ್ಧ ಸತ್ಯವಿದೆ. ಉಪಕಾರ ಮರೆಯಬಾರದೆಂದು ಮಿಂಬರಿನಿಂದ ಕೇಳುತ್ತೇವೆ, ಸಾಕ್ಷ್ಯ ಹೇಳುವಾಗ ಕೂಡಿಸಲೂಬಾರದು ಕಳೆಯಲೂಬಾರದು ಎಂದೂ ಕೇಳುತ್ತೇವೆ. ಆದ್ದರಿಂದ ಈ ತಿಂಗಳು ಖುತ್ಬಾಗಳ ಸಾರಾಂಶದ ಜೊತೆಗೆ ಕನ್ನಡ ನಾಡಿನಿಂದ ಹೋಗಿ ದೇಶದ ಪ್ರಧಾನಿಯಾದ ಏಕೈಕ ವ್ಯಕ್ತಿಯ ಬದುಕನ್ನು, ಅದರಲ್ಲೂ ನಮಗೆ ಸಂಬಂಧಿಸಿದ ಭಾಗವನ್ನು, ಇದ್ದದ್ದು ಇದ್ದ ಹಾಗೆ ಬರೆದಿಡುತ್ತಿದ್ದೇವೆ.

ಹಾಸನ ಜಿಲ್ಲೆಯ ಹೊಳೆನರಸೀಪುರ ತಾಲೂಕಿನ ಹರದನಹಳ್ಳಿಯಲ್ಲಿ 1933ರ ಮೇ 18ರಂದು ಎಚ್.ಡಿ. ದೇವೇಗೌಡರು ಹುಟ್ಟಿದರು. ತಂದೆ ದೊಡ್ಡೇಗೌಡ, ತಾಯಿ ದೇವಮ್ಮ, ಒಕ್ಕಲುತನದ ಮನೆ. ಹಾಸನದ ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ ಮಾಡಿ, ಸಣ್ಣಪುಟ್ಟ ಗುತ್ತಿಗೆ ಕೆಲಸ ಹಿಡಿದರು. 1953ರಲ್ಲಿ ಕಾಂಗ್ರೆಸ್ ಸೇರಿದರು. 1962ರಲ್ಲಿ ಪಕ್ಷದಿಂದ ಹೊರಬಂದು, ಪಕ್ಷೇತರರಾಗಿ ಹೊಳೆನರಸೀಪುರದಿಂದ ವಿಧಾನಸಭೆಗೆ ಗೆದ್ದರು. ಅಲ್ಲಿಂದ 1989ರವರೆಗೆ ಆ ಕ್ಷೇತ್ರ ಅವರ ಕೈಬಿಡಲಿಲ್ಲ.

ವಿಧಾನಸಭೆಯಲ್ಲಿ ಅವರ ಮಾತು ಹೆಚ್ಚಾಗಿ ನೀರಿನ ಬಗ್ಗೆ. ಹೇಮಾವತಿ, ಹಾರಂಗಿ, ಕಾವೇರಿ, ಯಾವ ನಾಲೆಗೆ ಎಷ್ಟು ನೀರು, ಯಾವ ಯೋಜನೆಗೆ ಎಷ್ಟು ಹಣ. ಅಂಕಿಸಂಖ್ಯೆ ಬಾಯಲ್ಲೇ ಇಟ್ಟುಕೊಂಡು ಗಂಟೆಗಟ್ಟಲೆ ಮಾತನಾಡುವವರೆಂದು ಹೆಸರು. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ ಗೌಡರು ವಿರೋಧ ಪಕ್ಷದ ನಾಯಕರು. 1975ರಲ್ಲಿ ತುರ್ತು ಪರಿಸ್ಥಿತಿ ಬಂದಾಗ ಅವರನ್ನು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಇಟ್ಟರು. ಮಕ್ಕಳನ್ನು ಕರೆದುಕೊಂಡು ಈಗಿನ ಫ್ರೀಡಂ ಪಾರ್ಕ್‌ಗೆ ಹೋದವರು ಅಲ್ಲಿ ಉಳಿಸಿರುವ ಹಳೆಯ ಬ್ಯಾರಕ್‌ಗಳನ್ನು ನೋಡಿರಬಹುದು. ಆ ಜೈಲು ಅದೇ. ವಾಜಪೇಯಿ, ಅಡ್ವಾಣಿಯವರೂ ಬೆಂಗಳೂರಿನಲ್ಲೇ ಬಂಧನಕ್ಕೊಳಗಾಗಿ ಅಲ್ಲೇ ಇದ್ದರು. ಇಪ್ಪತ್ತು ವರ್ಷಗಳ ನಂತರ ವಾಜಪೇಯಿಯವರು ಬಿಟ್ಟ ಪ್ರಧಾನಿ ಕುರ್ಚಿಯಲ್ಲೇ ಗೌಡರು ಕುಳಿತದ್ದು ಚರಿತ್ರೆಯ ಒಂದು ವಿಚಿತ್ರ.

1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಲೋಕೋಪಯೋಗಿ ಮತ್ತು ನೀರಾವರಿ ಮಂತ್ರಿಯಾದರು. ನೀರಾವರಿಗೆ ಕೊಟ್ಟ ಹಣ ಸಾಲದು ಎಂದು ಜಗಳವಾಡಿ ಮಂತ್ರಿಪದವಿಯನ್ನೇ ಬಿಟ್ಟರು. 1989ರ ಚುನಾವಣೆಯಲ್ಲಿ ಸೋತರು, 1991ರಲ್ಲಿ ಹಾಸನದಿಂದ ಲೋಕಸಭೆಗೆ ಹೋದರು. ಹೆಗಡೆಯವರ ಜೊತೆಗಿನ ಅವರ ಪೈಪೋಟಿಯ ಬಗ್ಗೆ ಬರೆಯಲು ಹೊರಟರೆ ಬೇರೆಯೇ ಪತ್ರಿಕೆ ಬೇಕು. ಅದನ್ನು ಬಿಟ್ಟು ಮುಂದೆ ಹೋಗುತ್ತೇವೆ.

1994. ಕರ್ನಾಟಕದ ಮುಸ್ಲಿಮರಲ್ಲಿ ಹಿರಿಯರು ಆ ವರ್ಷವನ್ನು ಮರೆತಿಲ್ಲ. ಬಾಬರಿ ಮಸೀದಿಯ ಗಾಯಕ್ಕೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಆಗಸ್ಟ್ 15ರಂದು ಹುಬ್ಬಳ್ಳಿಯ ಈದ್ಗಾ ಮೈದಾನದ ಧ್ವಜಾರೋಹಣದ ವಿವಾದ ಗೋಲಿಬಾರಿನಲ್ಲಿ ಮುಗಿದು, ಜೀವಗಳು ಹೋದವು. ಅಕ್ಟೋಬರ್‌ನಲ್ಲಿ ಬೆಂಗಳೂರು ದೂರದರ್ಶನದಲ್ಲಿ ಹತ್ತು ನಿಮಿಷದ ಉರ್ದು ವಾರ್ತೆ ಶುರುವಾದದ್ದೇ ನೆಪವಾಗಿ ನಮ್ಮ ನಗರದಲ್ಲಿ ಗಲಭೆ ಎದ್ದು, ಹಲವರು ಪ್ರಾಣ ಕಳೆದುಕೊಂಡರು, ಅಂಗಡಿಗಳು ಸುಟ್ಟವು. ಮನೆಯಲ್ಲಿ ದಖ್ಖನಿ ಮಾತನಾಡಿ, ಶಾಲೆಯಲ್ಲಿ ಕನ್ನಡ ಓದುವ ನಮ್ಮ ಮಕ್ಕಳಿಗೆ ಆ ದಿನಗಳ ಭಯವನ್ನು ವಿವರಿಸುವುದು ಕಷ್ಟ. ಆಗ ಅಧಿಕಾರದಲ್ಲಿದ್ದದ್ದು ವೀರಪ್ಪ ಮೊಯಿಲಿಯವರ ಕಾಂಗ್ರೆಸ್ ಸರ್ಕಾರ.

ವರ್ಷದ ಕೊನೆಯಲ್ಲಿ ಚುನಾವಣೆ ನಡೆಯಿತು. 224 ಸ್ಥಾನಗಳಲ್ಲಿ 115 ಗೆದ್ದು ಜನತಾದಳ ಅಧಿಕಾರಕ್ಕೆ ಬಂತು. ಕಾಂಗ್ರೆಸ್ 34ಕ್ಕೆ ಕುಸಿದು ಬಿಜೆಪಿಗಿಂತಲೂ ಹಿಂದೆ ಬಿತ್ತು. ಗೌಡರು ಈ ಸಲ ಗೆದ್ದದ್ದು ರಾಮನಗರದಿಂದ. ರೇಷ್ಮೆ ಗೂಡಿನ ಮಾರುಕಟ್ಟೆಯ ಆ ಊರಿನಲ್ಲಿ ಗೂಡು ಬೆಳೆಯುವವರು ಹೆಚ್ಚಾಗಿ ಸುತ್ತಲಿನ ಒಕ್ಕಲಿಗ ರೈತರು, ನೂಲು ತೆಗೆಯುವ ರೀಲರ್‌ಗಳಲ್ಲಿ ದೊಡ್ಡ ಪಾಲು ಮುಸ್ಲಿಮರು. ಒಬ್ಬರಿಲ್ಲದೆ ಇನ್ನೊಬ್ಬರ ಒಲೆ ಉರಿಯದ ಊರು ಅದು. ಡಿಸೆಂಬರ್ 11ರಂದು ಅವರು ಮುಖ್ಯಮಂತ್ರಿಯಾದರು.

ಹುಬ್ಬಳ್ಳಿಯ ವಿಷಯದಲ್ಲಿ ಹೊಸ ಸರ್ಕಾರ ಪೊಲೀಸರನ್ನು ಕಳಿಸುವ ಬದಲು ಅಂಜುಮನ್-ಎ-ಇಸ್ಲಾಂ ಜೊತೆ ಮಾತಿಗೆ ಕುಳಿತಿತು. 1995ರಲ್ಲಿ ಅಂಜುಮನ್ನಿನವರೇ ಆ ಮೈದಾನದಲ್ಲಿ ರಾಷ್ಟ್ರಧ್ವಜ ಹಾರಿಸಿದರು. ಧ್ವಜದ ಬಗ್ಗೆ ನಮ್ಮವರಿಗೆ ತಕರಾರು ಎಂದೂ ಇರಲಿಲ್ಲ, ಬಲವಂತದ ಬಗ್ಗೆ ಮಾತ್ರ ಇತ್ತು ಎಂಬುದು ಆ ಒಂದು ಬೆಳಗಿನಲ್ಲಿ ಎಲ್ಲರಿಗೂ ಕಂಡಿತು. ಮೈದಾನದ ಒಡೆತನದ ಪ್ರಶ್ನೆ ನ್ಯಾಯಾಲಯಗಳಲ್ಲಿ ಬೇರೆ ದಾರಿ ಹಿಡಿಯಿತು, ಅದು ಬೇರೆ ಮಾತು. ಆದರೆ ವರ್ಷಕ್ಕೆರಡು ಬಾರಿ ಊರಿಗೆ ಊರೇ ಉಸಿರು ಬಿಗಿಹಿಡಿಯುವುದು ಅಲ್ಲಿಗೆ ನಿಂತಿತು.

ಈಗ 2ಬಿ ಮಾತಿಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು, ಏಕೆಂದರೆ ನಮ್ಮ ಸಮುದಾಯದಲ್ಲೂ ಹೊರಗೂ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇದರ ಬಗ್ಗೆಯೇ.

ಕಥೆ 1995ರಲ್ಲಿ ಶುರುವಾಗುವುದಿಲ್ಲ. 1917ರಲ್ಲಿ ಮೈಸೂರು ಸಂಸ್ಥಾನದಲ್ಲಿ ಪ್ರಜಾ ಮಿತ್ರ ಮಂಡಳಿ ಎಂಬ ಸಂಘಟನೆ ಹುಟ್ಟಿತು. ಒಕ್ಕಲಿಗರು, ಲಿಂಗಾಯತರು, ಮುಸ್ಲಿಮರು ಅದರಲ್ಲಿ ಒಂದಾಗಿ ಕುಳಿತಿದ್ದರು. ಸರ್ಕಾರಿ ನೌಕರಿಯಲ್ಲಿ ಒಂದೇ ಸಮುದಾಯ ತುಂಬಿದೆ, ನಮಗೂ ಪಾಲು ಬೇಕು ಎಂದು ಮರುವರ್ಷ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಮುಂದೆ ಹೋದರು. ಮಹಾರಾಜರು ಸರ್ ಲೆಸ್ಲಿ ಮಿಲ್ಲರ್ ಎಂಬ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. 1919ರಲ್ಲಿ ವರದಿ ಬಂತು. ಬ್ರಾಹ್ಮಣರನ್ನು ಬಿಟ್ಟು ಉಳಿದ ಸಮುದಾಯಗಳು ಹಿಂದುಳಿದವು, ಮುಸ್ಲಿಮರೂ ಅದರಲ್ಲಿ ಸೇರಿದರು. 1921ರಲ್ಲಿ ಸರ್ಕಾರದ ಆದೇಶವೂ ಆಯಿತು. ಅಂದರೆ ಈ ನಾಡಿನಲ್ಲಿ ಮುಸ್ಲಿಮರನ್ನು ಹಿಂದುಳಿದವರೆಂದು ಮೊದಲು ಗುರುತಿಸಿದ್ದು ಮತ ಕೇಳುವ ರಾಜಕಾರಣಿಯಲ್ಲ, ಮತದ ಹಂಗೇ ಇಲ್ಲದ ಮಹಾರಾಜರು.

ನಮ್ಮ ಓದುಗರಿಗೆ ಇಲ್ಲೊಂದು ಸ್ಥಳೀಯ ಸಂಗತಿ ಹೇಳಬೇಕು. ಶಿವಾಜಿನಗರ, ಫ್ರೇಜರ್ ಟೌನ್, ಹಲಸೂರು ಆಗ ಮಹಾರಾಜರ ಆಡಳಿತದಲ್ಲಿ ಇರಲಿಲ್ಲ. ಅದು ದಂಡು, ಬ್ರಿಟಿಷರು ನೇರವಾಗಿ ಆಳುತ್ತಿದ್ದ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್. 1947ರಲ್ಲಷ್ಟೇ ಅದು ಮೈಸೂರಿಗೆ ಮರಳಿತು. ಹಾಗಾಗಿ ಮಿಲ್ಲರ್ ಆದೇಶದಿಂದ ಸಿಟಿಯ ಮುಸ್ಲಿಮರಿಗೆ ಸಂಸ್ಥಾನದ ನೌಕರಿಯ ಬಾಗಿಲು ಒಂದಿಷ್ಟು ತೆರೆದಾಗ, ದಂಡಿನ ಮುಸ್ಲಿಮರು ಬೇರೊಂದು ಸರ್ಕಾರದ ನೆರಳಿನಲ್ಲಿ ವ್ಯಾಪಾರ, ಚರ್ಮದ ಕೆಲಸ, ದರ್ಜಿ ಕೆಲಸ, ಸೈನ್ಯಕ್ಕೆ ಸರಬರಾಜು ಎಂದು ತಮ್ಮ ದಾರಿ ನೋಡಿಕೊಂಡರು. ಕಲ್ಯಾಣ ನಗರ ಇರುವ ಕಡೆ ಆಗ ಬಾಣಸವಾಡಿ, ಹೆಣ್ಣೂರು, ಕಾಚರಕನಹಳ್ಳಿಯಂಥ ಹಳ್ಳಿಗಳ ಹೊಲ ಮತ್ತು ಕೆರೆ. ದಂಡಿನ ಗಲ್ಲಿಗಳಿಂದ ಈ ಬಡಾವಣೆಗಳಿಗೆ ನಮ್ಮ ಕುಟುಂಬಗಳು ಬಂದದ್ದು ಬಹಳ ತಡವಾಗಿ. ಹೀಗೆ ಬಂದ ಮನೆಗಳಲ್ಲಿ, ಓದಿ ನೌಕರಿ ಹಿಡಿದ ಮೊದಲ ತಲೆಮಾರು ಯಾವುದೆಂದು ಕೇಳಿ ನೋಡಿ. ಉತ್ತರ ಹೆಚ್ಚು ಹಿಂದಕ್ಕೆ ಹೋಗುವುದಿಲ್ಲ.

ಸ್ವಾತಂತ್ರ್ಯದ ನಂತರ ನಾಗನಗೌಡ ಸಮಿತಿ ಮುಸ್ಲಿಮರನ್ನು ಹಿಂದುಳಿದವರೆಂದೇ ಕಂಡಿತು. 1977ರಲ್ಲಿ ದೇವರಾಜ ಅರಸರ ಸರ್ಕಾರ, ಹಾವನೂರು ಆಯೋಗದ ವರದಿಯ ನಂತರ ಹೊರಡಿಸಿದ ಆದೇಶದಲ್ಲಿ, ಮುಸ್ಲಿಮರನ್ನು ಹಿಂದುಳಿದ ಸಮುದಾಯಗಳ ಪಟ್ಟಿಯಲ್ಲಿ ಸೇರಿಸಿತು. 1980ರ ದಶಕದಲ್ಲಿ ವೆಂಕಟಸ್ವಾಮಿ ಆಯೋಗ, 1990ರಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಆಯೋಗ ಮತ್ತೆ ಅದೇ ಮಾತು ಹೇಳಿದವು. ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾಗಿದ್ದ ಚಿನ್ನಪ್ಪ ರೆಡ್ಡಿಯವರು ಶಾಲೆ, ಕಾಲೇಜು, ನೌಕರಿಗಳ ಅಂಕಿ ನೋಡಿ, ಮುಸ್ಲಿಮರ ಸ್ಥಿತಿ ಪರಿಶಿಷ್ಟರ ಸ್ಥಿತಿಗೆ ಹತ್ತಿರವಾಗಿದೆ ಎಂಬ ಅಭಿಪ್ರಾಯಕ್ಕೆ ಬಂದರು. ‘ಧರ್ಮದ ಆಧಾರದ ಮೀಸಲಾತಿ’ ಎಂದು ಇಂದು ಮೂದಲಿಸುವವರಿಗೆ ನಮ್ಮ ಯುವಕರು ಕೋಪದಿಂದ ಉತ್ತರ ಕೊಡಬೇಕಾಗಿಲ್ಲ. ಈ ವರದಿಗಳ ಹೆಸರು ಗೊತ್ತಿದ್ದರೆ ಸಾಕು.

ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಸೀಟು ಸಿಗುವುದಿಲ್ಲ. ಒಂದೇ ಗುಂಪಿನಲ್ಲಿ ಹಲವು ಸಮುದಾಯಗಳು ಸ್ಪರ್ಧಿಸುವಾಗ, ಶಾಲೆಯ ಮೆಟ್ಟಿಲು ತಡವಾಗಿ ಹತ್ತಿದವರ ಮಕ್ಕಳು ಅಲ್ಲೂ ಹಿಂದೆ ಬೀಳುತ್ತಿದ್ದರು. ಆದ್ದರಿಂದ ಬೇರೆ ಪ್ರವರ್ಗವೇ ಬೇಕು ಎಂಬ ಬೇಡಿಕೆ. 1994ರ ಏಪ್ರಿಲ್‌ನಲ್ಲಿ ಮೊಯಿಲಿಯವರ ಸರ್ಕಾರ 2ಬಿ ಎಂಬ ಪ್ರವರ್ಗ ಮಾಡಿ ಶೇ. 6 ಇಟ್ಟಿತು. ಅದರಲ್ಲಿ ಶೇ. 4 ಮುಸ್ಲಿಮರಿಗೆ, ಉಳಿದದ್ದು ಬೌದ್ಧರಿಗೆ ಮತ್ತು ಕ್ರೈಸ್ತರಾದ ಪರಿಶಿಷ್ಟರಿಗೆ. ಒಟ್ಟು ಮೀಸಲಾತಿ ಶೇ. 50 ದಾಟಿದ್ದರಿಂದ ಸೆಪ್ಟೆಂಬರ್ 9ರಂದು ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟು ಮಿತಿ ಹಾಕಿತು. ಜಾರಿ ಮಾಡುವ ಮೊದಲೇ ಚುನಾವಣೆ ಬಂದು ಸರ್ಕಾರ ಹೋಯಿತು.

ಹೊಸ ಸರ್ಕಾರ ಆ ಕಡತವನ್ನು ಕಟ್ಟಿ ಮೂಲೆಗಿಡಬಹುದಿತ್ತು. ಹಿಂದಿನವರ ಕೆಲಸ, ಕೋರ್ಟಿನ ತಡೆ ಬೇರೆ ಇದೆ ಎಂದು ಕೈತೊಳೆದುಕೊಂಡಿದ್ದರೆ ಕೇಳುವವರು ಯಾರೂ ಇರುತ್ತಿರಲಿಲ್ಲ. ಗಲಭೆಯ ವರ್ಷದ ಬೆನ್ನಿಗೇ ಮುಸ್ಲಿಮರ ಹೆಸರಿನ ಆದೇಶಕ್ಕೆ ಸಹಿ ಹಾಕುವುದು ಯಾವ ಮುಖ್ಯಮಂತ್ರಿಗೂ ಲಾಭದ ಕೆಲಸವಾಗಿರಲಿಲ್ಲ. ಒಟ್ಟು ಲೆಕ್ಕ ಶೇ. 50ರ ಒಳಗೆ ಬರಬೇಕಾದ್ದರಿಂದ ಗೌಡರ ಸ್ವಂತ ಸಮುದಾಯವಿರುವ 3ಎ ಪ್ರವರ್ಗಕ್ಕೂ ದಕ್ಕಿದ್ದು ಶೇ. 4 ಮಾತ್ರ. ಪ್ರವರ್ಗ 1ಕ್ಕೆ 4, 2ಎಗೆ 15, 2ಬಿಗೆ 4, 3ಎಗೆ 4, 3ಬಿಗೆ 5, ಪರಿಶಿಷ್ಟ ಜಾತಿಗೆ 15, ಪಂಗಡಕ್ಕೆ 3. ಕೂಡಿಸಿದರೆ ಸರಿಯಾಗಿ 50. 1995ರ ಫೆಬ್ರವರಿ 14ರಂದು ಆದೇಶ ಹೊರಬಿತ್ತು. 2ಬಿ ಪೂರ್ತಿಯಾಗಿ ಮುಸ್ಲಿಮರದಾಯಿತು.

ಆದ್ದರಿಂದ ಲೆಕ್ಕ ಹೀಗಿದೆ: ಆಧಾರ ಆಯೋಗಗಳದು, ಪ್ರವರ್ಗದ ರಚನೆ ಮೊಯಿಲಿಯವರದು, ಜಾರಿ ದೇವೇಗೌಡರದು. ಮೂವರಲ್ಲಿ ಯಾರ ಪಾಲನ್ನೂ ನಾವು ಕಡಿಮೆ ಮಾಡುವುದಿಲ್ಲ. ಆದರೆ ಕಾಗದದ ಮೇಲಿದ್ದದ್ದನ್ನು ಕಾಲೇಜಿನ ಬಾಗಿಲವರೆಗೆ ತಂದವರನ್ನು ಜನ ಹೆಚ್ಚು ನೆನೆಯುವುದು ಸಹಜ.

ಶೇ. 4 ಎಂದರೆ ಎಷ್ಟು? ಸಾವಿರ ಸೀಟಿಗೆ 40. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಮುಸ್ಲಿಮರು ಶೇ. 12.92. ಹೋಲಿಸಿದರೆ ಕಡಿಮೆಯೇ. ಇದರ ಜೊತೆಗೆ ರ‍್ಯಾಂಕ್ ಬಂದರೆ ಸಾಮಾನ್ಯ ವರ್ಗದ ಸೀಟೂ ನಮ್ಮ ಮಕ್ಕಳಿಗೆ ತೆರೆದೇ ಇದೆ ಎಂಬುದನ್ನು ಹಲವು ಮನೆಗಳು ಮರೆಯುತ್ತವೆ. 2ಬಿ ಇದೆಯಲ್ಲ ಎಂದು ಓದಿನಲ್ಲಿ ಸಡಿಲ ಬಿಡುವ ಹುಡುಗರಿಗೆ ಮನೆಯ ದೊಡ್ಡವರು ಎರಡು ಮಾತು ಹೇಳಬೇಕು. ಪಿಂಜಾರ-ನದಾಫ್ ಮುಂತಾದ ಕುಟುಂಬಗಳು 2ಬಿಯಲ್ಲಲ್ಲ, ಪ್ರವರ್ಗ 1ರಲ್ಲಿ ಬರುತ್ತವೆ ಎಂಬುದೂ ಗೊತ್ತಿರಲಿ. ತಪ್ಪು ಪ್ರಮಾಣಪತ್ರ ಮಾಡಿಸಿಕೊಂಡು ಕೊನೆಯ ದಿನ ಓಡಾಡುವವರನ್ನು ಪ್ರತಿ ವರ್ಷ ನೋಡುತ್ತೇವೆ.

ಆದೇಶವಾಗಿ ಹದಿನಾರು ತಿಂಗಳೂ ಆಗಿರಲಿಲ್ಲ, ಮುಖ್ಯಮಂತ್ರಿ ದೆಹಲಿಗೆ ಹೊರಟರು. 1996ರ ಲೋಕಸಭಾ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಬಿಜೆಪಿಗೆ 161, ಕಾಂಗ್ರೆಸ್ಸಿಗೆ 140. ವಾಜಪೇಯಿಯವರ ಸರ್ಕಾರ 13 ದಿನದಲ್ಲಿ ಮುಗಿಯಿತು. ಸಂಯುಕ್ತ ರಂಗವೆಂದು ಒಂದಾದ ಹದಿಮೂರು ಪಕ್ಷಗಳು ನಾಯಕನನ್ನು ಹುಡುಕಿದವು. ವಿ.ಪಿ. ಸಿಂಗ್ ಬೇಡವೆಂದರು. ಜ್ಯೋತಿ ಬಸು ಅವರಿಗೆ ಅವರ ಪಕ್ಷ ಒಪ್ಪಿಗೆ ಕೊಡಲಿಲ್ಲ. ಕರ್ನಾಟಕದ 28ರಲ್ಲಿ 16 ಸ್ಥಾನ ಗೆದ್ದು ಕೊಟ್ಟಿದ್ದ ಗೌಡರ ಕಡೆ ಎಲ್ಲರೂ ತಿರುಗಿದರು. ಜೂನ್ 1ರಂದು ಪ್ರಮಾಣವಚನ. ಅವರ ಸ್ವಂತ ಪಕ್ಷದ ಬಲ ಲೋಕಸಭೆಯಲ್ಲಿ 46. ಕಾಂಗ್ರೆಸ್ ಹೊರಗಿನಿಂದ ಕೊಡುವ ಬೆಂಬಲವೇ ಉಸಿರು.

ದೆಹಲಿಯ ಇಂಗ್ಲಿಷ್ ಪತ್ರಿಕೆಗಳು ಅವರನ್ನು ಹೇಗೆ ನಡೆಸಿಕೊಂಡವೆಂಬುದನ್ನು ಹಿರಿಯ ಓದುಗರು ಬಲ್ಲರು. ಮುದ್ದೆ ತಿನ್ನುವ ರೈತ, ಹಿಂದಿ ಬಾರದವರು, ಸಭೆಯಲ್ಲಿ ನಿದ್ದೆ ಮಾಡುವವರು. ಆಗಸ್ಟ್ 15ರಂದು ಕೆಂಪುಕೋಟೆಯಿಂದ ಅವರು ಹಿಂದಿಯಲ್ಲೇ ಭಾಷಣ ಓದಿದರು, ಕಾಗದದಲ್ಲಿ ಬರೆದದ್ದು ಕನ್ನಡ ಲಿಪಿಯಲ್ಲಿ. ಉಚ್ಚಾರಣೆಯ ಕಾರಣಕ್ಕೆ ನಗೆಪಾಟಲಾಗುವುದು ಏನೆಂದು ನಮ್ಮ ಸಮುದಾಯಕ್ಕೆ ಬೇರೆಯವರು ಕಲಿಸಬೇಕಾಗಿಲ್ಲ. ನಮ್ಮವರ ಕನ್ನಡವನ್ನು ಸಿನಿಮಾಗಳು ಎಷ್ಟು ವರ್ಷ ಆಡಿಕೊಂಡಿಲ್ಲ!

ಅವರ ಸಂಪುಟದಲ್ಲಿ ಭದ್ರಾವತಿಯ ಸಿ.ಎಂ. ಇಬ್ರಾಹಿಂ ನಾಗರಿಕ ವಿಮಾನಯಾನ ಮಂತ್ರಿಯಾಗಿದ್ದರು. ಹಿಂದಿನ ನರಸಿಂಹ ರಾವ್ ಸರ್ಕಾರದಲ್ಲಿ ನಮ್ಮವರೇ ಆದ ಸಿ.ಕೆ. ಜಾಫರ್ ಷರೀಫ್ ರೈಲ್ವೆ ಮಂತ್ರಿ. ಹೀಗೆ ಒಂದು ಕಾಲದಲ್ಲಿ ದೇಶದ ರೈಲೂ ವಿಮಾನವೂ ಒಂದಾದ ಮೇಲೊಂದರಂತೆ ಕರ್ನಾಟಕದ ಮುಸ್ಲಿಮರ ಕೈಯಲ್ಲಿದ್ದವು ಎಂದರೆ ಇಂದಿನ ಮಕ್ಕಳು ನಂಬುವುದಿಲ್ಲ.

ಕಾಶ್ಮೀರಕ್ಕೆ ಹಲವು ವರ್ಷಗಳಿಂದ ಪ್ರಧಾನಿಯೊಬ್ಬರು ಹೋಗಿರಲಿಲ್ಲ. ಗೌಡರು 1996ರ ಜುಲೈನಲ್ಲಿ ಹೋದರು. ಅದೇ ಶರತ್ಕಾಲದಲ್ಲಿ ಅಲ್ಲಿ ವಿಧಾನಸಭಾ ಚುನಾವಣೆ ನಡೆದು, ಅಕ್ಟೋಬರ್‌ನಲ್ಲಿ ಫಾರೂಕ್ ಅಬ್ದುಲ್ಲಾ ಮುಖ್ಯಮಂತ್ರಿಯಾದರು. ಆರು ವರ್ಷಗಳಿಗೂ ಹೆಚ್ಚು ರಾಜ್ಯಪಾಲರ ಹಾಗೂ ರಾಷ್ಟ್ರಪತಿ ಆಳ್ವಿಕೆಯಲ್ಲಿದ್ದ ರಾಜ್ಯಕ್ಕೆ ಮತ್ತೆ ಚುನಾಯಿತ ಸರ್ಕಾರ ಬಂದದ್ದು ಸಣ್ಣ ಸಂಗತಿಯಲ್ಲ. ಈಶಾನ್ಯ ರಾಜ್ಯಗಳಿಗೂ ಹೋಗಿ, 6,100 ಕೋಟಿ ರೂಪಾಯಿಯ ಯೋಜನೆ ಘೋಷಿಸಿದರು. ಬ್ರಹ್ಮಪುತ್ರದ ಬೋಗಿಬೀಲ್ ಸೇತುವೆಗೆ 1997ರ ಜನವರಿಯಲ್ಲಿ ಅಡಿಗಲ್ಲು ಹಾಕಿದರು. ಅದು ಮುಗಿದದ್ದು 2018ರಲ್ಲಿ, ಉದ್ಘಾಟಿಸಿದವರು ಬೇರೆ ಪ್ರಧಾನಿ. ಮಹಿಳಾ ಮೀಸಲಾತಿ ಮಸೂದೆ ಮೊದಲು ಲೋಕಸಭೆಗೆ ಬಂದದ್ದೂ 1996ರ ಸೆಪ್ಟೆಂಬರ್‌ನಲ್ಲಿ, ಅವರ ಸರ್ಕಾರದಿಂದಲೇ.

ನಮ್ಮ ದೃಷ್ಟಿಯಲ್ಲಿ ಆ ಅವಧಿಯ ಅತಿ ದೊಡ್ಡ ಕೆಲಸ ಗಂಗಾ ನೀರಿನ ಒಪ್ಪಂದ. 1975ರಲ್ಲಿ ಫರಕ್ಕಾ ಅಣೆಕಟ್ಟು ಕೆಲಸ ಶುರುಮಾಡಿದಾಗಿನಿಂದ ಭಾರತ ಮತ್ತು ಬಾಂಗ್ಲಾದೇಶದ ನಡುವೆ ಜಗಳವಿತ್ತು. ಬೇಸಿಗೆಯಲ್ಲಿ ನದಿ ಸೊರಗಿದಾಗ ಕೆಳಗಿನ ರೈತನಿಗೆ ನೀರಿಲ್ಲ. 1996ರ ಡಿಸೆಂಬರ್ 12ರಂದು ದೆಹಲಿಯಲ್ಲಿ ದೇವೇಗೌಡ ಮತ್ತು ಷೇಕ್ ಹಸೀನಾ ಮೂವತ್ತು ವರ್ಷಗಳ ಒಪ್ಪಂದಕ್ಕೆ ಸಹಿ ಹಾಕಿದರು. ಜನವರಿಯಿಂದ ಮೇ ಕೊನೆಯವರೆಗೆ ಹತ್ತು ಹತ್ತು ದಿನದ ಲೆಕ್ಕ. ಹರಿವು 70,000 ಕ್ಯುಸೆಕ್‌ಗೆ ಇಳಿದರೆ ಇಬ್ಬರಿಗೂ ಅರ್ಧರ್ಧ. ವಿದೇಶಾಂಗ ಮಂತ್ರಿ ಐ.ಕೆ. ಗುಜ್ರಾಲ್, ಪಶ್ಚಿಮ ಬಂಗಾಳದ ಜ್ಯೋತಿ ಬಸು ಇಬ್ಬರದೂ ಇದರಲ್ಲಿ ದೊಡ್ಡ ಪಾಲು. ಆದರೆ ಮೇಲಿನ ಗದ್ದೆಯವನು ತೂಬು ಮುಚ್ಚಿದರೆ ಕೆಳಗಿನವನ ಗತಿ ಏನೆಂದು ಹೇಮಾವತಿ ದಂಡೆಯ ಒಕ್ಕಲಿಗನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ನೀರಿನ ವಿಷಯದಲ್ಲಿ ಜೀವನವಿಡೀ ಕಾವೇರಿಯ ಪಾಲಿಗಾಗಿ ಜಗಳವಾಡಿದ ಮನುಷ್ಯ ಒಂದು ಮುಸ್ಲಿಂ ಬಹುಸಂಖ್ಯಾತ ನೆರೆದೇಶಕ್ಕೆ ಅದರ ಪಾಲನ್ನು ಬರೆದುಕೊಟ್ಟದ್ದನ್ನು ನಾವು ಗೌರವದಿಂದ ಕಾಣುತ್ತೇವೆ.

1997ರ ಮಾರ್ಚ್ 30ರಂದು ಕಾಂಗ್ರೆಸ್ ಅಧ್ಯಕ್ಷ ಸೀತಾರಾಂ ಕೇಸರಿ ಬೆಂಬಲ ಹಿಂದಕ್ಕೆ ಪಡೆದರು. ಫೆಬ್ರವರಿ ಕೊನೆಯಲ್ಲಿ ಚಿದಂಬರಂ ಮಂಡಿಸಿದ್ದ ಬಜೆಟ್ ಇನ್ನೂ ಪಾಸಾಗಿರಲಿಲ್ಲ. ಏಪ್ರಿಲ್ 11ರಂದು ವಿಶ್ವಾಸಮತದಲ್ಲಿ ಪರವಾಗಿ 158, ವಿರುದ್ಧವಾಗಿ 292. ಹತ್ತು ದಿನದ ನಂತರ ಗುಜ್ರಾಲರು ಪ್ರಧಾನಿಯಾದರು. ಲೆಕ್ಕ ಹಾಕಿದರೆ 324 ದಿನ.

ಅಲ್ಲಿಂದ ಮುಂದಿನದು ಇಳಿಜಾರಿನ ಕಥೆ. ನಮ್ಮ ಸಮುದಾಯಕ್ಕೆ ನೋವಿನದೂ ಹೌದು. 1999ರಲ್ಲಿ ಜನತಾದಳ ಒಡೆದು ಜೆಡಿಎಸ್ ಹುಟ್ಟಿತು. ಹೆಸರಿನಲ್ಲೇ ಸೆಕ್ಯುಲರ್ ಎಂದು ಇಟ್ಟುಕೊಂಡಿದ್ದ ಪಕ್ಷಕ್ಕೆ ರಾಮನಗರ, ಹಾಸನ, ತುಮಕೂರು ಕಡೆಯ ಮುಸ್ಲಿಮರು ನಿಷ್ಠೆಯಿಂದ ಮತ ಹಾಕಿದರು. ಮುಂದಿನ ಜನ್ಮವೆಂಬುದಿದ್ದರೆ ಮುಸ್ಲಿಮನಾಗಿ ಹುಟ್ಟುವ ಆಸೆ ಎಂದು ಗೌಡರು ಬಹಿರಂಗವಾಗಿ ಹೇಳಿದ್ದುಂಟು. ನಮ್ಮ ನಂಬಿಕೆಯಲ್ಲಿ ಮರುಜನ್ಮವಿಲ್ಲ, ಆದರೂ ಮಾತಿನ ಹಿಂದಿನ ಪ್ರೀತಿಯನ್ನು ಜನ ಮೆಚ್ಚಿದ್ದರು. 2006ರ ಫೆಬ್ರವರಿಯಲ್ಲಿ ಮಗ ಕುಮಾರಸ್ವಾಮಿ ಬಿಜೆಪಿ ಜೊತೆ ಸೇರಿ ಮುಖ್ಯಮಂತ್ರಿಯಾದಾಗ ತಂದೆ ಮೊದಲು ಬೇಸರ ತೋರಿಸಿದರು, ಆಮೇಲೆ ಒಪ್ಪಿಕೊಂಡರು. ಆ ಮೈತ್ರಿ ಮುರಿದ ರೀತಿಯಿಂದಲೇ 2008ರಲ್ಲಿ ಬಿಜೆಪಿ ನೇತೃತ್ವದ ಸರ್ಕಾರಕ್ಕೆ ದಾರಿಯಾಯಿತು. ತೊಂಬತ್ತರ ದಶಕದಲ್ಲಿ ಕೋಮು ರಾಜಕಾರಣವನ್ನು ತಡೆದ ಕೈಗಳೇ ಬಾಗಿಲು ತೆರೆದವೆಂದು ಹೇಳಿದರೆ ಕಟುವಾಗಬಹುದು, ಸುಳ್ಳಾಗುವುದಿಲ್ಲ. ಮಕ್ಕಳು, ಮೊಮ್ಮಕ್ಕಳನ್ನು ಮುಂದೆ ತರುವ ಭರದಲ್ಲಿ ಪಕ್ಷ ಒಂದು ಮನೆಯಷ್ಟಕ್ಕೆ ಕುಗ್ಗಿತು ಎಂಬ ದೂರೂ ಹಳೆಯ ಕಾರ್ಯಕರ್ತರದೇ. 2019ರಲ್ಲಿ ಗೌಡರು ತುಮಕೂರಿನಲ್ಲಿ ಸೋತರು, ಮರುವರ್ಷ ಅವಿರೋಧವಾಗಿ ರಾಜ್ಯಸಭೆಗೆ ಹೋದರು.

2023ರ ಮಾರ್ಚ್‌ನಲ್ಲಿ, ವಿಧಾನಸಭಾ ಚುನಾವಣೆಗೆ ಕೆಲವೇ ವಾರಗಳಿರುವಾಗ, ಬೊಮ್ಮಾಯಿಯವರ ಬಿಜೆಪಿ ಸರ್ಕಾರ 2ಬಿ ತೆಗೆದುಹಾಕಿತು. ಆ ಶೇ. 4ನ್ನು ಎರಡು ಭಾಗ ಮಾಡಿ ಶೇ. 2 ಒಕ್ಕಲಿಗರಿಗೆ, ಶೇ. 2 ಲಿಂಗಾಯತರಿಗೆ ಕೊಟ್ಟಿತು. ಮುಸ್ಲಿಮರು ಆರ್ಥಿಕವಾಗಿ ದುರ್ಬಲರ ಶೇ. 10ರಲ್ಲಿ ಇತರರ ಜೊತೆ ಸ್ಪರ್ಧಿಸಲಿ ಎಂದಿತು. 1918ರಲ್ಲಿ ಒಟ್ಟಿಗೆ ಅರಮನೆಯ ಮೆಟ್ಟಿಲು ಹತ್ತಿದ ಮೂರು ಸಮುದಾಯಗಳಲ್ಲಿ ಒಂದರ ತಟ್ಟೆಯಿಂದ ಎತ್ತಿ ಇನ್ನೆರಡಕ್ಕೆ ಬಡಿಸುವ ಲೆಕ್ಕ ಇದು. ತೆಗೆಯಬೇಕೆಂದು ಶಿಫಾರಸು ಮಾಡಿದ ಆಯೋಗದ ಅಂತಿಮ ವರದಿ ಯಾವುದೂ ಸರ್ಕಾರದ ಕೈಯಲ್ಲಿರಲಿಲ್ಲ. ಏಪ್ರಿಲ್ 13ರಂದು ಸುಪ್ರೀಂ ಕೋರ್ಟ್ ಈ ನಿರ್ಧಾರ ಮೇಲ್ನೋಟಕ್ಕೇ ದೋಷದಿಂದ ಕೂಡಿದೆ, ಅದರ ಬುನಾದಿ ಅಲುಗಾಡುತ್ತಿದೆ ಎಂಬರ್ಥದ ಅಭಿಪ್ರಾಯ ಹೇಳಿತು. ಸದ್ಯಕ್ಕೆ ಜಾರಿ ಮಾಡುವುದಿಲ್ಲವೆಂದು ಸರ್ಕಾರ ಮಾತು ಕೊಟ್ಟಿತು. ಹಾಗಾಗಿ 1995ರ ಆದೇಶದ 2ಬಿಯೇ ಮುಂದುವರಿಯಿತು.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜೆಡಿಎಸ್ ಎನ್‌ಡಿಎ ಸೇರಿತು. ವಿರೋಧಿಸಿದ ರಾಜ್ಯಾಧ್ಯಕ್ಷ ಸಿ.ಎಂ. ಇಬ್ರಾಹಿಂ, 1996ರ ಅದೇ ಸಂಪುಟ ಸಹೋದ್ಯೋಗಿ, ಅಕ್ಟೋಬರ್‌ನಲ್ಲಿ ಹುದ್ದೆ ಕಳೆದುಕೊಂಡರು. 2024ರ ಲೋಕಸಭಾ ಚುನಾವಣೆಯಲ್ಲಿ, ಕರ್ನಾಟಕದಲ್ಲಿ ಮುಸ್ಲಿಮರನ್ನು ಹಿಂದುಳಿದವರ ಪಟ್ಟಿಗೆ ಸೇರಿಸಿದ್ದು ಅನ್ಯಾಯವೆಂದು ದೇಶದುದ್ದಕ್ಕೂ ಭಾಷಣಗಳಾದವು. ಭಾಷಣ ಮಾಡಿದವರು ಗೌಡರ ಹೊಸ ಮಿತ್ರರು. ಭಾಷಣದ ಗುರಿ ಕಾಂಗ್ರೆಸ್ಸಾಗಿತ್ತು. 1995ರ ಆದೇಶದ ಮೇಲಿದ್ದ ಸರ್ಕಾರದ ಹೆಸರು ಮಾತ್ರ ಅವರ ಬಾಯಿಗೆ ಬರಲಿಲ್ಲ.

ನಮ್ಮಲ್ಲಿ ಕೆಲವರು ಆ ಸಿಟ್ಟಿನಲ್ಲಿ 1995ನ್ನೇ ಅಳಿಸಿಬಿಡುತ್ತಾರೆ. ಅದು ನಮಗೇ ನಷ್ಟ. ಆ ಆದೇಶ ಒಬ್ಬರ ಕೃಪೆಯಾಗಿದ್ದರೆ ಅವರು ಪಕ್ಷ ಬದಲಿಸಿದ ದಿನವೇ ಬಿದ್ದುಹೋಗಬೇಕಿತ್ತು. ಬೀಳದಿರುವುದಕ್ಕೆ ಕಾರಣ, ಅದರ ಕೆಳಗೆ ಮಿಲ್ಲರ್ ಅವರಿಂದ ಚಿನ್ನಪ್ಪ ರೆಡ್ಡಿಯವರವರೆಗೆ ಎಪ್ಪತ್ತು ವರ್ಷಗಳ ಅಂಕಿಸಂಖ್ಯೆ ಇತ್ತು. ನ್ಯಾಯಾಲಯ ಕೇಳುವುದೂ ಅದನ್ನೇ.

2025ರ ಸೆಪ್ಟೆಂಬರ್ 22ರಿಂದ ರಾಜ್ಯ ಹಿಂದುಳಿದ ವರ್ಗಗಳ ಆಯೋಗ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆಸಿತು. ಬೆಂಗಳೂರಿನಲ್ಲಿ ಅಕ್ಟೋಬರ್‌ನಲ್ಲಿ ಗಣತಿದಾರರು ಮನೆ ಬಾಗಿಲಿಗೆ ಬಂದರು. ಎಷ್ಟು ಓದಿದ್ದೀರಿ, ಎಷ್ಟು ದುಡಿಯುತ್ತೀರಿ, ಮನೆ ಸ್ವಂತದ್ದೇ, ಶಾಲೆ ಬಿಟ್ಟ ಮಕ್ಕಳಿದ್ದಾರೆಯೇ ಎಂದು ಕೇಳಿದರು. ಕೆಲವು ಮನೆಗಳು ಎಲ್ಲಕ್ಕೂ ಉತ್ತರ ಕೊಟ್ಟವು, ಕೆಲವು ಭಯಕ್ಕೆ ಬಾಗಿಲು ತೆರೆಯಲಿಲ್ಲ, ಕೆಲವರು ಅಪಾರ್ಟ್‌ಮೆಂಟಿನ ಗೇಟಿನಿಂದಲೇ ವಾಪಸು ಕಳಿಸಿದರು. 2ಬಿ ಬಗ್ಗೆ ಮುಂದೆ ಯಾವ ಸರ್ಕಾರ ಯಾವ ಆದೇಶ ಹೊರಡಿಸಿದರೂ, ಆ ಬಾಗಿಲುಗಳಲ್ಲಿ ಬರೆದುಕೊಂಡ ಉತ್ತರಗಳೇ ಕಡತದ ಮೊದಲ ಹಾಳೆಗಳಾಗಿರುತ್ತವೆ.